‘ಧೈರ್ಯದಿಂದಿರು’ ಅಂದ್ರ ಸಿಟ್ಟು ಬರತೈತಿ ಅಕ್ಕಾ

ಪ್ರಶ್ನೆ: ಅಕ್ಕಾರ, ನನಗ 24 ವರ್ಷ, ಗಂಗಾವತಿ ಕಡೆಯವ, ರೈಸ್ ಮಿಲ್‌ನ್ಯಾಗ ಲೆಕ್ಕ ಬರೀತಿದ್ದೆ. ಕುತ್ತಿಗಿ ಗಂಟು ತೋರಿಸಾಕ ಹೋದ್ರ ಹಾಡ್ಜ್‌ಕಿನ್ ಲಿಂಫೋಮಾ, ಅಂದ್ರ ಒಂದು ನಮೂನಿ ಕ್ಯಾನ್ಸರ್ ಅಂದ್ರು. 15 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೀಮೋ ಹಾಕಿಸ್ಕೊಂಡ್ ಬರ್ತೀನಿ, 12ರಾಗ 3 ಆಗ್ಯಾವು. ತಂಗಿ ಲಗ್ನ ನಿಲ್ಲಬಾರದಂತ ಅವ್ವ ಓಣ್ಯಾಗ ಕಾಮಣಿ ಅಂತ ಹೇಳ್ಯಾಳ. ದಿನಾ ಸಂಜಿಕಿ ಮಿರ್ಚಿ ಅಂಗಡಿ ಮುಂದ ಕೂಡ್ತಿದ್ದ ಗೆಳ್ಯಾರು ಫೋನ್ ಸೈತ ಮಾಡಂಗಿಲ್ಲ. ಬಂದವರೆಲ್ಲ ಧೈರ್ಯದಿಂದಿರು, ಯುವರಾಜ್ ಸಿಂಗ್ ಗೆದ್ದು ಬರಲಿಲ್ಲೇನು ಅಂತಾರ. ರಾತ್ರಿ ಅಳು ಬರತೈತಿ, ಅತ್ರ ಔಷಧಿ ಹತ್ತಂಗಿಲ್ಲ ಅಂತ ಮಾವ ಬೈತಾನ. ನಸುಕಿನ್ಯಾಗ ಅವ್ವ ಬಂದು ದಿಂಬಿನ ಮ್ಯಾಲಿನ ಕೂದ್ಲ ಆರಿಸಿ ಸೆರಗಿನ್ಯಾಗ ಕಟ್ಕೊಂಡ್ ಹೋಗ್ತಾಳ, ನಾನು ನಿದ್ದಿ ಬಂದಂಗ ಮಾಡ್ತೀನಿ. ಏನ್ ಮಾಡ್ಲಿ?

ಉತ್ತರ: ತಮ್ಮಾ, ಮೊದ್ಲ ಮಾವನ ಮಾತು ತಲಿಯಿಂದ ತೆಗಿ. ಔಷಧಿ ರಕ್ತದಾಗ ಹೋಗಿ ತನ್ನ ಕೆಲಸ ತಾನು ಮಾಡತೈತಿ, ನೀ ಅತ್ರೂ ಮಾಡತೈತಿ ನಕ್ರೂ ಮಾಡತೈತಿ. ಯುವರಾಜ್ ಸಿಂಗ್ 2012ರಾಗ ಕೀಮೋ ಮುಗಿಸಿ ಅದೇ ವರ್ಷ ಮತ್ತ ಬ್ಯಾಟ್ ಹಿಡಿದ್ರು, ಖರೆ, ಆದ್ರ ಜನ ನಿನಗ ಹೇಳೋದು ಬ್ಯಾಟ್ ಹಿಡಿದ ದಿನದ ಕಥಿ, ನೀನಿರೋದು ಕೀಮೋ ದಿನದಾಗ. ನಿನ್ನ ವಯಸ್ಸಿನವರಿಗೆ ಈ ಲಿಂಫೋಮಾ ಬಹಳ ಮಟ್ಟಿಗೆ ವಾಸಿಯಾಗತೈತಿ, ಅದನ್ನ ನಂಬು, ಹಂಗಂತ ಅಳಬಾರದು ಅಂತೇನಿಲ್ಲ, ಕೆಲಸ, ಗೆಳ್ಯಾರು, ಬಾಯಿರುಚಿ ಎಲ್ಲಾ ಒಂದೇ ಸಲ ಹೋದ್ರ ಯಾರಿಗಾದ್ರೂ ಅಳು ಬರತೈತಿ.

ಗೆಳ್ಯಾರು ಹೆದರಿರಬೇಕು, ಹತ್ತತೈತಿ ಅಂತ, ಇಲ್ಲಾ ಏನ್ ಮಾತಾಡ್ಬೇಕು ತಿಳೀದ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ, ಅವರ ನೆಗಡಿನ ನಿನಗ ಹತ್ತಬಹುದು, ಕೀಮೋದಾಗ ಬಿಳಿ ರಕ್ತಕಣ ಇಳಿದಿರ್ತಾವಲ್ಲ. (ಜ್ವರ 100.4 ಆದ್ರ ನಡುರಾತ್ರಿ ಇದ್ರೂ ದವಾಖಾನಿಗೆ ಹೋಗು, ಬೆಳಗಾಗ್ಲಿ ಅನ್ನಬ್ಯಾಡ.) ಎಲ್ಲರೂ ಬ್ಯಾಡ, ಒಬ್ಬನಿಗೆ ನೀನ ಫೋನ್ ಹಚ್ಚು, ‘ಲೇ, ಏನೂ ಕೇಳಬ್ಯಾಡ, ಬಂದು ಕುಂದ್ರು, ಮ್ಯಾಚ್ ನೋಡೋಣು’ ಅನ್ನು.

ಲಗ್ನ, ಮಕ್ಕಳು ಅಂತ ಒಳಗ ಚಿಂತಿ ಇದ್ರ ಡಾಕ್ಟರ್‌ಗೆ ಬಾಯಿಬಿಟ್ಟು ಕೇಳು, ನಾಚಿಕಿ ಬ್ಯಾಡ. ಇನ್ನೂ ಕೀಮೋ ಶುರುವಾಗಿರದವರು ಇದನ್ನ ಓದ್ತಿದ್ರ, ಶುರು ಮಾಡೋ ಮೊದ್ಲ ವೀರ್ಯ ಇಲ್ಲಾ ಅಂಡಾಣು ತೆಗೆದಿಡೋ ಬಗ್ಗೆ ಕೇಳ್ರಿ. ಸಾಯೋ ವಿಚಾರ ತಲ್ಯಾಗ ಬಂದ್ರ, ಇಲ್ಲಾ ವಾರಗಟ್ಲೆ ನಿದ್ದಿ ಹತ್ತಲಿಲ್ಲಂದ್ರ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡು, ಪುಕ್ಕಟೆ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ.

ಓಣಿಯವರಿಗೆ ಏನ್ ಹೇಳ್ಬೇಕು ಅನ್ನೋದು ಆಮ್ಯಾಲೆ ನೋಡಿದ್ರಾತು. ಆದ್ರ ಮನ್ಯಾಗ ನೀ ಅವ್ವಗ ಮುಚ್ಚೋದು, ಅವ್ವ ನಿನಗ ಮುಚ್ಚೋದು, ಇದು ಇಬ್ಬರನ್ನೂ ತಿಂತೈತಿ ತಮ್ಮಾ. ನಾಳಿ ನಸುಕಿನ್ಯಾಗ ಆಕಿ ಕೂದ್ಲ ಆರಿಸಾಕ ಬಂದಾಗ ಕಣ್ಣು ತೆಗಿ. ಕೈ ಹಿಡ್ಕೊ. ಇಬ್ಬರೂ ಅತ್ರ ಅಳ್ರಿ.