ಬೋಲ್ಟ್ ಕೂತರೆ ಸಾಕೇ?

ಪ್ರಶ್ನೆ: ನನ್ನ ಕಾರಿನಲ್ಲಿ 1978ರ ಫೋರ್ಡ್ 302 ವಿ8 ಎಂಜಿನ್ ಇದೆ. ಒಳಗಿನದೆಲ್ಲ ಮೂಲದ್ದೇ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, 1988ರ ಮಸ್ಟಾಂಗ್ 5.0ದ ಟಿ5 ಐದು ಗೇರಿನ ಬಾಕ್ಸ್ ಹಾಕುತ್ತಿದ್ದೇನೆ. ಅದರದ್ದೇ ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಫ್ಲೈವೀಲ್ (ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಸಿಕ್ಕಿವೆ. ಫ್ಲೈವೀಲಿನ ಆರೂ ಬೋಲ್ಟ್ ಸಲೀಸಾಗಿ ಕೂತವು. ಮುಂದುವರಿಯಬಹುದಾ ಸಾರ್?

ಉತ್ತರ: ಬೇಡ. ಸ್ಟಾರ್ಟ್ ಮಾಡುವ ಮೊದಲು ಆ ಫ್ಲೈವೀಲ್ ಬಿಚ್ಚಿಡಿ. ಟಿ5 ಒಳ್ಳೆಯ ಆಯ್ಕೆ, ಬೆಲ್‌ಹೌಸಿಂಗ್ ಕೂಡ ನಿಮ್ಮ ಬ್ಲಾಕಿಗೆ ಹೊಂದುತ್ತದೆ. ತೊಂದರೆ ಇರುವುದು ಫ್ಲೈವೀಲಿನಲ್ಲೇ.

302ರ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ತಾನೊಂದೇ ಬ್ಯಾಲೆನ್ಸ್ ಆಗಿರುವುದಿಲ್ಲ. ಅದರ ಮುಂದಿನ ತುದಿಯ ಡ್ಯಾಂಪರ್ (ನಡುಕ ತಗ್ಗಿಸುವ ಚಕ್ರ), ಹಿಂದಿನ ಫ್ಲೈವೀಲ್ ಎರಡರಲ್ಲೂ ಬೇಕೆಂದೇ ಒಂದು ಪಕ್ಕಕ್ಕೆ ತೂಕ ಇಟ್ಟಿರುತ್ತಾರೆ. ನಿಮ್ಮ ಎಂಜಿನ್ನಿಗೆ ಬೇಕಾದ್ದು 28.2 ಔನ್ಸ್-ಇಂಚು (ಆ ತೂಕವನ್ನು ನಡುವಿನಿಂದ ಅದರ ದೂರಕ್ಕೆ ಗುಣಿಸಿದ ಅಳತೆ). 80ರ ದಶಕದ ಶುರುವಿನಲ್ಲಿ ಫೋರ್ಡ್ ಹಗುರ ಕ್ರ್ಯಾಂಕ್ ತಂದು ಇದನ್ನು 50ಕ್ಕೆ ಏರಿಸಿತು; ನಿಮಗೆ ಸಿಕ್ಕ 1988ರ ಫ್ಲೈವೀಲ್ ಈ 50ರದ್ದು. ಬೋಲ್ಟಿನ ತೂತುಗಳು ಮಾತ್ರ ಬದಲಾಗಲಿಲ್ಲ. ಅದಕ್ಕೇ ಇಷ್ಟು ಜನ ಮೋಸ ಹೋಗುವುದು.

ಈ ವ್ಯತ್ಯಾಸ ಸಣ್ಣದಲ್ಲ. ನಾನು ಲೆಕ್ಕ ಹಾಕಿ ನೋಡಿದೆ: 3000 ಆರ್‌ಪಿಎಮ್‌ನಲ್ಲಿ ಕ್ರ್ಯಾಂಕಿನ ಹಿಂತುದಿಯನ್ನು 150 ಕೆಜಿಗೂ ಜಾಸ್ತಿ ಬಲ ಒಂದೇ ಪಕ್ಕಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ 50 ಸಲ ಸುತ್ತುತ್ತಾ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಐಡಲ್‌ನಲ್ಲಿ ಸುಮ್ನೆ ಸ್ವಲ್ಪ ನಡುಕ ಅನ್ನಿಸಬಹುದು. ಏಟು ಬೀಳುವುದು ಕ್ರ್ಯಾಂಕನ್ನು ಹಿಡಿದಿರುವ ಹಿಂದಿನ ಮೇನ್ ಬೇರಿಂಗಿಗೆ. ಹಾಗಂತ ಮುಂದಿನ ಡ್ಯಾಂಪರನ್ನೂ 50ರದ್ದಕ್ಕೆ ಬದಲಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಆಗ ಎರಡೂ ತುದಿ ತಪ್ಪಾಗುತ್ತವೆ. ಯಾವ ತೂಕ ಬೇಕು ಅಂತ ತೀರ್ಮಾನಿಸುವುದು ಕ್ರ್ಯಾಂಕ್.

ನಿಮಗೆ ಬೇಕಾದ್ದು 28.2 ಔನ್ಸ್-ಇಂಚಿನ (ಅಂಗಡಿಯಲ್ಲಿ ‘28 ಔನ್ಸ್’ ಅನ್ನುವ), ಅಂಚಿನಲ್ಲಿ ಸ್ಟಾರ್ಟರ್ ಕಚ್ಚುವ 157 ಹಲ್ಲಿರುವ ಫ್ಲೈವೀಲ್. ಹಲ್ಲಿನ ಲೆಕ್ಕ ಮರೆಯಬೇಡಿ. ಇದೇ ಎಂಜಿನ್ನಿಗೆ 164 ಹಲ್ಲಿನದೂ ಬರುತ್ತದೆ, ಆದರೆ ಅದು ದೊಡ್ಡದು, ನಿಮ್ಮ ಮಸ್ಟಾಂಗ್ ಬೆಲ್‌ಹೌಸಿಂಗ್ ಒಳಗೆ ಹಿಡಿಸುವುದಿಲ್ಲ. ಕ್ಲಚ್ ಪ್ಲೇಟ್ ಟಿ5ರ 10 ಸ್ಪ್ಲೈನ್ (ಉದ್ದುದ್ದ ಏಣು) ಇರುವ ಶಾಫ್ಟಿಗೆ ಸರಿಯಾಗಿ ಜಾರಬೇಕು.

ಇನ್ನೊಂದು ವಿಷಯ. ಆಟೊಮ್ಯಾಟಿಕ್ ಇದ್ದ ಎಂಜಿನ್ ಅಲ್ವಾ, ಕ್ರ್ಯಾಂಕಿನ ಹಿಂಭಾಗದ ನಡುತೂತಿನಲ್ಲಿ ಪೈಲಟ್ ಬೇರಿಂಗ್ ಇರುವುದಿಲ್ಲ. ಹೊಸದು ಹಾಕಿ. ಅದಿಲ್ಲದಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ತುದಿಗೆ ಆಸರೆಯೇ ಇರುವುದಿಲ್ಲ.

ಜೋಡಿಸುವಾಗ ನಾನು ತುಂಬಾ ಹೊತ್ತು ಕೊಡುವುದು ಬೆಲ್‌ಹೌಸಿಂಗಿಗೆ. ಫ್ಲೈವೀಲಿಗೆ ಡಯಲ್ ಗೇಜ್ (ಸೂಕ್ಷ್ಮ ಸರಿತ ಅಳೆಯುವ ಮಾಪಕ) ಕಚ್ಚಿಸಿ, ಅದರ ತುದಿಯನ್ನು ಬೆಲ್‌ಹೌಸಿಂಗಿನ ದೊಡ್ಡ ತೂತಿನ ಅಂಚಿಗೆ ಮುಟ್ಟಿಸಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ತೂತು ಕ್ರ್ಯಾಂಕಿನ ನಡುವಿನಿಂದ 0.005 ಇಂಚಿಗಿಂತ ಜಾಸ್ತಿ ಸರಿದಿರಬಾರದು. ಗೇಜ್ ಇದರ ಎರಡರಷ್ಟು ತೋರಿಸುತ್ತದೆ, ಆದ್ದರಿಂದ ಅರ್ಧ ಮಾಡಿ ಲೆಕ್ಕ ಹಿಡಿಯಿರಿ. ಮೀರಿದ್ದರೆ ಆಫ್‌ಸೆಟ್ ಡೋವೆಲ್ ಪಿನ್ (ಬೆಲ್‌ಹೌಸಿಂಗನ್ನು ಜಾಗದಲ್ಲಿ ಹಿಡಿಯುವ, ನಡು ಸ್ವಲ್ಪ ಪಕ್ಕಕ್ಕಿರುವ ಪಿನ್) ಹಾಕಿ ಸರಿಸಿ. ಇದನ್ನು ಬಿಟ್ಟವರ ಗೇರ್‌ಬಾಕ್ಸ್ ಗೇರ್ ಬೀಳಲು ಹಠ ಮಾಡುತ್ತದೆ, ಆಮೇಲೆ ದೂರು ಪಾಪ ಕ್ಲಚ್ ಮೇಲೆ.

ಫ್ಲೈವೀಲ್ ಬೋಲ್ಟಿನ ತೂತುಗಳು ಎಣ್ಣೆಯ ಜಾಗಕ್ಕೇ ತೆರೆದಿರುತ್ತವೆ. ಹೊಸ ಬೋಲ್ಟ್ ತನ್ನಿ, ಥ್ರೆಡ್ಡಿಗೆ ಸೀಲರ್ ಹಚ್ಚಿ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ.