ನೀರು ಹಾಕಿದರೂ ನನ್ನ ಎಚೆವೇರಿಯಾದ ಎಲೆಗಳು ಸುಕ್ಕಾಗುತ್ತಿವೆ. ವಾರಕ್ಕೆ ಎಷ್ಟು ಬಾರಿ ನೀರು ಹಾಕಬೇಕು?

ನೀವು ಶಿರಸಿಯವರು, ಮಳೆಗಾಲದ ನಡುವೆ ಇದ್ದೀರಿ, ಎಲೆ ಸುಕ್ಕಾದಷ್ಟೂ ನೀರು ಹೆಚ್ಚಿಸುತ್ತಿದ್ದೀರಿ ಎಂದು ಬರೆದಿದ್ದೀರಿ. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ನಾನು ಒಂದು ಸಾಲು ಗಿಡಗಳನ್ನು ಕಳೆದುಕೊಂಡದ್ದು ಸರಿಯಾಗಿ ಇದೇ ಹಂತದಲ್ಲಿ. ದಯವಿಟ್ಟು ಈ ಉತ್ತರ ಓದಿ ಮುಗಿಸುವವರೆಗಾದರೂ ಆ ಕುಂಡಕ್ಕೆ ನೀರು ಹಾಕಬೇಡಿ.

ಜೂನ್‌ನಲ್ಲಿ ನರ್ಸರಿಯೊಂದರಿಂದ ಎಚೆವೇರಿಯಾ, ಹವೊರ್ಥಿಯಾ ಮತ್ತು ಜೇಡ್ ಎಂಬ, ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳನ್ನು ತಂದಿದ್ದೆ. ಎಲ್ಲವೂ ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಬೆಳೆದವು. ಬೇರಿನ ಸುತ್ತಲಿನ ಆ ಉಂಡೆಯನ್ನು ಬಿಡಿಸದೆ, ಹಾಗೆಯೇ ಪಿಂಗಾಣಿ ಕುಂಡಗಳಿಗೆ ಇಳಿಸಿ, ನೀರು ಬಸಿಯಲಿ ಎಂದು ತಳಕ್ಕೆ ಜಲ್ಲಿಯನ್ನೂ, ಅಂದಕ್ಕೆಂದು ಮೇಲೆ ಬಿಳಿ ಕಲ್ಲುಗಳನ್ನೂ ಹರಡಿದೆ. ಜುಲೈ ಹೊತ್ತಿಗೆ ಬಿಸಿಲು ಮರೆಯಾಗಿ, ಎಚೆವೇರಿಯಾದ ಎಲೆಗಳು ತೆಳುವಾಗಿ ಸುಕ್ಕುಗಟ್ಟತೊಡಗಿದವು. ಎಲೆ ಸುಕ್ಕಾದರೆ ಗಿಡಕ್ಕೆ ಬಾಯಾರಿದೆ ಎಂದರ್ಥ ಎಂಬುದನ್ನು ಎಲ್ಲೆಡೆ ಓದಿದ್ದೆ, ಹಾಗಾಗಿ ನೀರು ಹಾಕಿದೆ. ಎಲೆ ತುಂಬಿಕೊಳ್ಳಲಿಲ್ಲ. ಸಾಲಲಿಲ್ಲವೇನೋ ಎಂದು ಮತ್ತಷ್ಟು ಹಾಕಿದೆ.

ನನ್ನ ಗಿಡಗಳನ್ನು ಕೊಂದದ್ದು ಈ ಎರಡನೆಯ ಸಲದ ನೀರು. ಆದ್ದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ. ಎಲೆ ಸುಕ್ಕಾಗಿದ್ದಾಗ ಗಿಡಕ್ಕೆ ನಿಜವಾಗಿಯೂ ಬಾಯಾರಿಕೆಯಾಗಿತ್ತು, ಆದರೆ ಕುಡಿಯಲು ಬೇರುಗಳೇ ಉಳಿದಿರಲಿಲ್ಲ. ಬೇರಿಗೂ ಉಸಿರಾಟವಿದೆ, ಅದಕ್ಕೆ ಬೇಕಾದ ಆಮ್ಲಜನಕವು ಮಣ್ಣಿನ ಕಣಗಳ ನಡುವಿನ ಸಂದುಗಳಿಂದ ಬರುತ್ತದೆ. ಆ ಸಂದುಗಳಲ್ಲಿ ದಿನಗಟ್ಟಲೆ ನೀರು ನಿಂತರೆ ಗಾಳಿಗೆ ಜಾಗವಿರುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಮೊದಲು ಬೇರಿನ ತುದಿಗಳು ಉಸಿರುಗಟ್ಟಿ ಸಾಯುತ್ತವೆ, ಬಳಿಕ ಪಿಥಿಯಂ, ಫೈಟೊಫ್ತೊರಾ, ಫ್ಯುಸೇರಿಯಂನಂಥ ರೋಗಾಣುಗಳು ಅಲ್ಲಿಂದ ಒಳನುಗ್ಗಿ ಕಾಂಡದತ್ತ ಏರುತ್ತವೆ. ಬೇರಿಲ್ಲದ ಗಿಡವು ಎಲೆಯಲ್ಲಿ ಕೂಡಿಟ್ಟ ನೀರನ್ನು ಖರ್ಚು ಮಾಡುತ್ತಾ ಹೋಗುತ್ತದೆ, ಎಲೆ ಸುಕ್ಕಾಗುತ್ತದೆ, ಅದನ್ನು ಕಂಡು ನಾವು ಮತ್ತೆ ನೀರು ಸುರಿಯುತ್ತೇವೆ. ಅತಿಯಾದ ನೀರಿನ ಲಕ್ಷಣವೂ ನೀರಿಲ್ಲದ ಲಕ್ಷಣವೂ ಹೀಗೆ ಒಂದೇ ರೀತಿ ಕಾಣುವ ಘಟ್ಟವೊಂದಿದೆ, ಅಲ್ಲಿ ಎಲೆಯನ್ನು ನೋಡಿ ತೀರ್ಮಾನಿಸಲು ಸಾಧ್ಯವೇ ಇಲ್ಲ, ಕುಂಡವನ್ನು ನೋಡಬೇಕು. ಒಣಗಿದ ಕುಂಡ ಕೈಗೆ ಹಗುರವಾಗಿರುತ್ತದೆ, ಅದಕ್ಕೆ ನೀರುಣಿಸಿದರೆ ಕೆಲವೇ ದಿನಗಳಲ್ಲಿ ಎಲೆ ಉಬ್ಬಿಕೊಳ್ಳುತ್ತದೆ. ಕುಂಡ ಭಾರವಾಗಿದ್ದೂ ಎಲೆ ಸುಕ್ಕಾಗಿದ್ದರೆ ತೊಂದರೆ ಬೇರಿನಲ್ಲಿದೆ. ಕೆಳಗಿನ ಎಲೆಗಳು ಹಳದಿಯಾಗಿ, ಅರೆಪಾರದರ್ಶಕವಾಗಿ, ಮುಟ್ಟಿದರೆ ಉದುರುವಂತಾಗಿದ್ದರೆ ಕೊಳೆತ ಮುಂದುವರಿದಿದೆ ಎಂದೇ ತಿಳಿಯಿರಿ.

ನಾನು ಕಡೆಗೆ ಗಿಡವನ್ನು ಕಿತ್ತು ನೋಡಿದಾಗ ಬೇರಿನ ಹೊರಪದರವು ನೆನೆದ ಕಡಲೆಯ ಸಿಪ್ಪೆಯಂತೆ ಬೆರಳಿಗೆ ಜಾರಿ ಬಂದು, ಒಳಗಿನ ನಾರಿನ ಎಳೆಯಷ್ಟೇ ಉಳಿಯಿತು. ಕಾಂಡದ ಬುಡ ಕಪ್ಪಾಗಿ ನಾರುತ್ತಿತ್ತು. ತಳದ ಜಲ್ಲಿಯಿಂದ ಉಪಕಾರವೇನೂ ಆಗಿರಲಿಲ್ಲ. ಮೇಲಿನ ಕೋಕೋಪೀಟ್ ಪೂರ್ತಿ ತೋಯ್ದು ತುಂಬುವವರೆಗೆ ನೀರು ಸಣ್ಣ ಸಂದುಗಳನ್ನು ಬಿಟ್ಟು ದೊಡ್ಡ ಸಂದುಗಳ ಜಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ಜಲ್ಲಿ ಹಾಕಿದಷ್ಟೂ ಒದ್ದೆ ಪದರವು ಬೇರಿನ ಸಮೀಪಕ್ಕೇ ಏರಿ ನಿಲ್ಲುತ್ತದೆ. ಮೇಲಿನ ಬಿಳಿ ಕಲ್ಲುಗಳು ಆ ತೇವ ಆರದಂತೆ ತಡೆದವು, ನನ್ನ ಕಣ್ಣಿನಿಂದಲೂ ಮರೆಮಾಡಿದವು.

ಆದ್ದರಿಂದ "ವಾರಕ್ಕೆ ಎಷ್ಟು ಬಾರಿ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ಕೆಲವೇ ದಿನಕ್ಕೆ ಒಣಗುವ ಕುಂಡವು ಶಿರಸಿಯ ಆಷಾಢದಲ್ಲಿ ತಿಂಗಳಾದರೂ ಒಣಗದೆ ಇರಬಹುದು. ಈ ಗಿಡಗಳಲ್ಲಿ ಹೆಚ್ಚಿನವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ, ಹೀಗಾಗಿ ಉಳಿದ ಗಿಡಗಳಷ್ಟು ನೀರು ಆವಿಯಾಗಿ ಹೋಗುವುದಿಲ್ಲ, ಅಷ್ಟು ಬೇಕಾಗುವುದೂ ಇಲ್ಲ. ದೃಷ್ಟಿ ತಾಗದಿರಲಿ ಎಂದು ಮನೆಯ ಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ಲೋಳೆಸರವನ್ನು ನೀವೂ ನೋಡಿರುತ್ತೀರಿ. ಮಣ್ಣು, ನೀರು ಎರಡೂ ಇಲ್ಲದೆ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ನೀರು ಕೆಲವು ದಿನ ತಡವಾದರೆ ಸಕ್ಯುಲೆಂಟ್ ಸಾಯುವುದಿಲ್ಲ. ವಾರದ ಲೆಕ್ಕವನ್ನು ಬಿಟ್ಟು, ಒಂದು ಒಣ ಬಿದಿರಿನ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆಯಿರಿ. ಕಡ್ಡಿ ತಣ್ಣಗೆ ತೇವವಾಗಿದ್ದರೆ ನೀರು ಬೇಡ. ಪೂರ್ತಿ ಒಣಗಿದ ಮೇಲೆ, ತಳದ ರಂಧ್ರದಿಂದ ಹರಿದು ಹೋಗುವಷ್ಟು ಧಾರಾಳವಾಗಿ ಒಮ್ಮೆ ಹಾಕಿ, ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಸ್ಪ್ರೇ ಬಾಟಲಿಯನ್ನು ಮಾತ್ರ ದೂರವಿಡಿ. ಎಚೆವೇರಿಯಾದ ಎಲೆಗಳ ನಡುವೆ ನಿಂತ ಹನಿಯಿಂದಲೂ ಕೊಳೆತ ಶುರುವಾಗಬಹುದು.

ಈಗಿನ ಗಿಡವನ್ನು ಉಳಿಸುವ ಕೆಲಸ ಹೀಗಿದೆ. ಕುಂಡದಿಂದ ತೆಗೆದು ಒದ್ದೆ ಕೋಕೋಪೀಟ್ ಎಲ್ಲವನ್ನೂ ಉದುರಿಸಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಏನನ್ನೂ ಕತ್ತರಿಸಬೇಡಿ. ಗಾಳಿಯಾಡುವ ನೆರಳಿನಲ್ಲಿ ಹಳೆಯ ಪತ್ರಿಕೆಯ ಮೇಲೆ ಒಂದೆರಡು ದಿನ ಒಣಗಿಸಿ, ಒಣ ಮಿಶ್ರಣದಲ್ಲಿ ನೆಟ್ಟರೆ ಸಾಕು. ಬುಡ ಕಪ್ಪಾಗಿದ್ದರೆ ಮಾತ್ರ ಹರಿತವಾದ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ, ಕಪ್ಪಿಗಿಂತ ಮೇಲೆ ಅಡ್ಡಲಾಗಿ ಕತ್ತರಿಸಿ, ಆ ಕೊಯ್ದ ಮುಖವನ್ನು ಬೆಳಕಿನಲ್ಲಿ ನೋಡಿ. ಒಳಗೆ ಕಂದು ಬಣ್ಣದ ಒಂದು ಚುಕ್ಕೆಯೋ ಉಂಗುರವೋ ಕಂಡರೂ ರೋಗ ಅಲ್ಲಿಯವರೆಗೆ ಏರಿದೆ. ಬ್ಲೇಡನ್ನು ಮತ್ತೆ ಒರೆಸಿ ಇನ್ನೂ ಮೇಲೆ ಕತ್ತರಿಸಿ. ಮುಖ ಪೂರ್ತಿ ತಿಳಿಹಸಿರಾಗಿ ಕಾಣುವವರೆಗೆ ನಿಲ್ಲಿಸಬೇಡಿ. ಎಲೆಗೊಂಚಲು ಮಾತ್ರ ಉಳಿದರೂ ಅದು ಬದುಕುತ್ತದೆ, ನನ್ನ ಸಾಲಿನಲ್ಲಿ ಉಳಿದ ಎಚೆವೇರಿಯಾ ಹಾಗೆಯೇ ಬದುಕಿತು. ಮಳೆಗಾಲದಲ್ಲಿ ಗಾಯ ಒಣಗಿ ಗಟ್ಟಿಯಾಗಲು ವಾರಕ್ಕಿಂತ ಹೆಚ್ಚು ಹಿಡಿಯಬಹುದು, ಫ್ಯಾನ್ ಗಾಳಿ ಸಿಗುವಲ್ಲಿ ಇಡಿ. ಬಳಿಕ ಒಣ ಮಿಶ್ರಣದ ಮೇಲೆ ಸುಮ್ಮನೆ ಕೂರಿಸಿ, ಕಾಂಡದಿಂದ ಗುಲಾಬಿ ಬಣ್ಣದ ಸಣ್ಣ ಬೇರುಗಳು ಹೊರಟ ಮೇಲೆಯೇ ಮೊದಲ ನೀರು. ಬುಡದ ಸಮೇತ ಸ್ವಚ್ಛವಾಗಿ ಕಿತ್ತು ಬಂದ ಗಟ್ಟಿ ಎಲೆಗಳನ್ನೂ ಪಕ್ಕದಲ್ಲಿ ಹರಡಿಡಿ, ಕೆಲವು ಮರಿ ಬಿಡುತ್ತವೆ, ಅರೆಪಾರದರ್ಶಕವಾದವು ಬಿಡುವುದಿಲ್ಲ.

ಕೊಯ್ದ ಗಾಯಕ್ಕೆ ಅರಿಶಿನ ಹಚ್ಚಬಹುದೇ ಎಂದು ಕೇಳಿದ್ದೀರಿ. ಹಚ್ಚಿದರೆ ಹಾನಿಯಿಲ್ಲ, ಆದರೆ ಅದನ್ನು ನೆಚ್ಚಬೇಡಿ. ನರ್ಸರಿಗಳಲ್ಲಿ ಕೊಡುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಪುಡಿಯೂ ಫ್ಯುಸೇರಿಯಂಗೆ ನಾಟಬಹುದೇ ಹೊರತು ಪಿಥಿಯಂ ಮತ್ತು ಫೈಟೊಫ್ತೊರಾಗಳಿಗೆ ನಾಟುವುದಿಲ್ಲ, ಅವು ನಿಜವಾದ ಶಿಲೀಂಧ್ರಗಳೇ ಅಲ್ಲ. ನಿಮ್ಮೂರಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತರುವುದೂ ಈ ಫೈಟೊಫ್ತೊರಾ ಕುಲವೇ, ಬಿಡದ ಮಳೆ ಮತ್ತು ತೇವದಲ್ಲಿ ಅದು ಹೇಗೆ ಹಬ್ಬುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಔಷಧವೆಂದರೆ ಕೊಳೆತ ಭಾಗವನ್ನು ತೆಗೆಯುವುದು ಮತ್ತು ಒಣಗಿಸುವುದು.

ಮಿಶ್ರಣಕ್ಕೆ ದುಬಾರಿ ಚೀಲಗಳ ಅಗತ್ಯವಿಲ್ಲ. ಮೂರರಲ್ಲಿ ಎರಡು ಪಾಲು ಬಟಾಣಿ ಗಾತ್ರದ ಇಟ್ಟಿಗೆ ಚೂರು, ಇಲ್ಲವೇ ಪ್ಯೂಮಿಸ್ ಅಥವಾ ಪರ್ಲೈಟ್ ಎಂಬ ಹಗುರವಾದ ಕಲ್ಲಿನ ಚೂರು ಇರಲಿ, ಉಳಿದದ್ದು ಜರಡಿ ಹಿಡಿದ ಗೊಬ್ಬರ ಬೆರೆತ ಮಣ್ಣು. ಇಟ್ಟಿಗೆಯ ಧೂಳನ್ನು ತೊಳೆದು ತೆಗೆಯದಿದ್ದರೆ ಅದೇ ಕೆಸರಾಗಿ ಸಂದುಗಳನ್ನು ಮುಚ್ಚುತ್ತದೆ. ರಂಧ್ರವಿರುವ ಮಣ್ಣಿನ ಕುಂಡ ಸಾಕು, ಗಿಡಕ್ಕಿಂತ ತುಸುವೇ ದೊಡ್ಡದು. ಶಿರಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಅಂಗಳದಲ್ಲಿ ಇಡುವ ಆಸೆ ಬೇಡ. ಇರಚಲು ತಾಗದ, ಬೆಳಕು ಬರುವ ಕಿಟಕಿಯ ಬಳಿ ಅಥವಾ ಪಾರದರ್ಶಕ ಶೀಟಿನ ಅಡಿಯಲ್ಲಿ ಇಡಿ.

ಎಲೆಗೊಂಚಲಿನ ನಡುವಿನ ಎಳೆ ಎಲೆಗಳು ಇನ್ನೂ ಗಟ್ಟಿಯಾಗಿವೆ ಎಂದು ಬರೆದಿದ್ದೀರಿ. ಹಾಗಿದ್ದರೆ ಕಾಂಡದ ಮೇಲ್ಭಾಗಕ್ಕೆ ರೋಗ ಇನ್ನೂ ತಲುಪಿರಲಿಕ್ಕಿಲ್ಲ. ನಾಳೆಗೆ ಬಿಡದೆ ಇವತ್ತೇ ಕುಂಡದಿಂದ ತೆಗೆಯಿರಿ, ಕೊಯ್ದ ಮುಖದ ಫೋಟೋವನ್ನು ಹಾಕಿದರೆ ಇನ್ನೂ ಮೇಲೆ ಕತ್ತರಿಸಬೇಕೋ ಬೇಡವೋ ಎಂದು ನೋಡಿ ಹೇಳುತ್ತೇನೆ.