ತೋಟದ ಕೆಲಸಕ್ಕೆ ಯಾವ ಬಗೆಯ ಎಟಿವಿ?

ರೆಸಾರ್ಟಿನಲ್ಲಿ ಓಡಿಸಿದ ನಾಲ್ಕು ಚಕ್ರದ ಬೈಕು ಕಾಫಿ ತೋಟಕ್ಕೂ ಆದೀತೇ, ಇವುಗಳಲ್ಲಿ ಎಷ್ಟು ಬಗೆ ಎಂದು ಕೇಳಿದ್ದೀರಿ. ನಾನು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹೈನು ಫಾರ್ಮೊಂದರಲ್ಲಿ ಕೆಲಸಕ್ಕಿದ್ದೇನೆ. ದನ ಹೊಡೆದುಕೊಂಡು ಬರುವುದಕ್ಕೂ ಬೇಲಿ ರಿಪೇರಿಗೂ ಇಲ್ಲಿ ಇದೇ ಗಾಡಿ.

ಸಿಸಿ ಲೆಕ್ಕ ಆಮೇಲಿರಲಿ, ಮೊದಲು ಕೂರುವ ರೀತಿ ನೋಡಿ. ಎರಡೂ ಬದಿಗೆ ಕಾಲು ಹಾಕಿ ಕೂತು, ಹ್ಯಾಂಡಲ್ ಹಿಡಿದು, ಹೆಬ್ಬೆರಳಿನಲ್ಲಿ ಎಕ್ಸಲರೇಟರ್ ಒತ್ತುವುದಾದರೆ ಅದು ಎಟಿವಿ, ಅಂದರೆ ಕ್ವಾಡ್ ಬೈಕ್. ಸ್ಟಿಯರಿಂಗ್, ಪೆಡಲ್, ಸೀಟ್ ಬೆಲ್ಟ್, ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಇದ್ದರೆ ಸೈಡ್-ಬೈ-ಸೈಡ್. ಕ್ವಾಡ್‌ಗಳಲ್ಲಿ ಸ್ಪೋರ್ಟ್ ಮಾದರಿ ಹಗುರ; ಸಾಮಾನ್ಯವಾಗಿ ಗಾಡಿಯನ್ನು ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ, ಸಾಮಾನು ಇಡಲು ಜಾಗವಿಲ್ಲ. ಯುಟಿಲಿಟಿ ಮಾದರಿಗೆ ಹಿಂದೆ ಮುಂದೆ ಕ್ಯಾರಿಯರ್, ಟ್ರೇಲರ್ ಕೊಕ್ಕೆ, ಹೆಚ್ಚಿನವಕ್ಕೆ ಫೋರ್ ವೀಲ್ ಡ್ರೈವ್. ಮಕ್ಕಳಿಗೆಂದೇ ಸಣ್ಣ ಎಂಜಿನ್ನಿನವೂ ಇವೆ. 1970ರಲ್ಲಿ ಹೋಂಡಾ ತಂದ ಅದರ ಮೊದಲ ಎಟಿವಿ ಮೂರು ಚಕ್ರದ್ದು. ಅದು ಮಗುಚುವುದು ಹೆಚ್ಚಾಗಿ 1988ರಲ್ಲಿ ಅಮೆರಿಕದಲ್ಲಿ ಮಾರಾಟವೇ ನಿಂತಿತು.

ನಾಲ್ಕು ಚಕ್ರ ಬಂದರೂ ಮಗುಚುವ ಭಯ ಹೋಗಿಲ್ಲ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಸವಾರ ಮೈಯನ್ನು ಮೇಲಿನ ಬದಿಗೆ ವಾಲಿಸಬೇಕು. ಸೀಟು ಉದ್ದ ಇರುವುದು ಹೀಗೆ ಸರಿದಾಡಲು, ಹಿಂದೆ ಇನ್ನೊಬ್ಬರನ್ನು ಕೂರಿಸಲು ಅಲ್ಲ. ಔಷಧಿ ಸಿಂಪಡಿಸುವ ಟ್ಯಾಂಕ್ ಕಟ್ಟುವುದಾದರೆ ಇನ್ನೂ ಎಚ್ಚರ: ಅರ್ಧ ತುಂಬಿದ ಟ್ಯಾಂಕಿನ ನೀರು ಇಳಿಜಾರಿನ ಕಡೆಗೇ ನುಗ್ಗಿ ಗಾಡಿಯನ್ನೂ ಎಳೆಯುತ್ತದೆ. ಇಲ್ಲಿ 2021ರ ಅಕ್ಟೋಬರ್‌ನಿಂದ ಹೊಸ ಯುಟಿಲಿಟಿ ಕ್ವಾಡ್‌ಗಳಿಗೆ, ಮಗುಚಿದರೆ ಸವಾರ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗದಂತೆ ಹಿಂಬದಿಗೆ ರಕ್ಷಣಾ ಚೌಕಟ್ಟು ಕಡ್ಡಾಯ. ಹೋಂಡಾ, ಯಮಹಾ ಇದನ್ನು ಒಪ್ಪದೆ ಇಲ್ಲಿ ಯುಟಿಲಿಟಿ ಕ್ವಾಡ್ ಮಾರುವುದನ್ನೇ ಬಿಟ್ಟವು. ನನ್ನ ಮಟ್ಟಿಗೆ ಸರ್ಕಾರದ್ದೇ ಸರಿ.

ಟೈರಿನ ಗಾಳಿಯ ವಿಷಯ ಯಾರೂ ಹೇಳಿರಲಾರರು. ನಮ್ಮ ಗಾಡಿಗೆ ಸುಮಾರು 5 ಪಿಎಸ್‌ಐ ಸಾಕು. ಕಾರಿಗೆ 30ರ ಮೇಲೆ ಬೇಕು. ಕೆಸರಿನಲ್ಲಿ ಹೂತುಕೊಳ್ಳದಿರುವುದು ಇದರಿಂದಲೇ. ಪೆಟ್ರೋಲ್ ಬಂಕಿನ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ನೆಟ್ಟಗೆ ತೋರಿಸುವುದಿಲ್ಲ, ಬೇರೆ ಗೇಜ್ ಕೊಳ್ಳಿ.

ನಿಮ್ಮ ತೋಟದ ದಾರಿ ಅಗಲವಾಗಿದ್ದರೆ ಸೈಡ್-ಬೈ-ಸೈಡ್ ತೆಗೆದುಕೊಳ್ಳಿ, ಬೆಲೆ ಹೆಚ್ಚಾದರೂ ಸರಿ. ಗಿಡಗಳ ಸಾಲಿನ ನಡುವೆ ನುಸುಳಲೇಬೇಕೆಂದರೆ ಮಾತ್ರ ಯುಟಿಲಿಟಿ ಕ್ವಾಡ್. ರೆಸಾರ್ಟಿನದು ಸ್ಪೋರ್ಟ್ ಮಾದರಿಯಾಗಿದ್ದರೆ ಮರೆತುಬಿಡಿ. ಡಾಂಬರು ರಸ್ತೆ ಹಿಡಿಯಬೇಕಾಗಿ ಬಂದರೆ, ಮುಂಗಡ ಕೊಡುವ ಮೊದಲು ಆ ಮಾದರಿಗೆ ನೋಂದಣಿ ಸಿಗುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಭಾರತದಲ್ಲಿ ಹೆಚ್ಚಿನವಕ್ಕೆ ಸಿಗುವುದಿಲ್ಲ.